ಸಮಸ್ಯಾಪೂರಣ: ವಿರೋಧವಿರುವ ಒಂದು ಕೊನೆಯ ಪಾದ ಕೊಟ್ಟಿರುತ್ತದೆ (ಸಮಸ್ಯೆ), ಮೇಲಿನ ಮೂರು ಪಾದ ಬರೆದು ಅದಕ್ಕೆ ಅರ್ಥ ಹೊಂದಿಸಬೇಕು (ಪೂರಣ).

ಸಮಸ್ಯೆ: ಕದಿಯಲೈತಂದವಂ ಪೊನ್ನಿಟ್ಟು ಪೋದಂ (ಕದಿಯಲು ಬಂದವನು ಹೊನ್ನಿಟ್ಟು ಹೋದ)

ವಸ್ತು: ಜರ್ಮನ್ ಕವಿ ಗಯಟೆಯ 'ಫೌಸ್ಟ್' ನಾಟಕದ ಮೊದಲ ಭಾಗದ (1808) 'ಸಂಜೆ' ದೃಶ್ಯ. ಫೌಸ್ಟ್ ಮೋಹಿಸಿದ ಹುಡುಗಿ ಗ್ರೆಟ್ಶೆನ್ ಮನೆಯಲ್ಲಿಲ್ಲದ ಹೊತ್ತು ನೋಡಿ ಸೈತಾನ ಮೆಫಿಸ್ಟೊ ಪಂಡಿತ ಫೌಸ್ಟನನ್ನು ಅವಳ ಕೋಣೆಗೆ ಕರೆತರುತ್ತಾನೆ; ಅವಳಿಗೆಂದು ಒಡವೆಯ ಪೆಟ್ಟಿಗೆಯೂ ಬರುತ್ತದೆ.

ಛಂದಸ್ಸು: ಪಂಚಮಾತ್ರಾ ಚೌಪದಿ, ಅಂದರೆ ಐದೈದು ಮಾತ್ರೆಯ ಗಣಗಳ ನಾಲ್ಕು ಪಾದ (ಲಘು ಒಂದು ಮಾತ್ರೆ, ಗುರು ಎರಡು). 1 ಮತ್ತು 3ನೇ ಪಾದ 5+5+5+5, 2 ಮತ್ತು 4ನೇ ಪಾದ 5+5+5+4. ಕೊಟ್ಟ ಪಾದದ ವಿಂಗಡಣೆ: ಕದಿಯಲೈ | ತಂದವಂ | ಪೊನ್ನಿಟ್ಟು | ಪೋದಂ. ಮೊದಲಕ್ಷರ ಲಘು, ಎರಡನೆಯದು 'ದ'. ನಾಲ್ಕೂ ಪಾದ ಹೀಗೇ ಹೊರಡಬೇಕು, ಅದೇ ಪ್ರಾಸ.

ಪೂರಣ 1

ಎದೆಯೊಳಾಸೆಯು ನಾಣುಮೆದುರಾಗಿ ಕಾದುತಿರೆ
ಮೃದುಶಯ್ಯೆಯಾ ತೆರೆಯನೆತ್ತಿ ನಡುಗುತ್ತಂ
ಒದವಿದಾ ಪೆಟ್ಟಿಗೆಯನಳ್ಕಿನಿಂ ಬಿಟ್ಟೋಡಿ
ಕದಿಯಲೈತಂದವಂ ಪೊನ್ನಿಟ್ಟು ಪೋದಂ

ಪ್ರತಿಕ್ರಿಯೆ

ಮೊದಲೆರಡು ಪಾದ ಸೊಗಸು. ಹಾಸಿಗೆಯ ತೆರೆ ಎತ್ತುವುದು ಮೂಲದಲ್ಲೇ ಇದೆ. ಆ ಮನೆಯ ಹಿರಿಯರು ತಲೆಮಾರುಗಳಿಂದ ಕೂತ ಚರ್ಮದ ಕುರ್ಚಿಯಲ್ಲಿ ಫೌಸ್ಟ್ ಮೊದಲು ಕುಸಿದು ಕೂರುತ್ತಾನೆ, ಆಮೇಲೆ ತೆರೆ ಎತ್ತುತ್ತಾನೆ, ಅಲ್ಲಿಂದ 'ನೀನಿಲ್ಲಿಗೆ ಬಂದದ್ದು ಏತಕ್ಕೆ?' ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ಭೋಗಿಸಲೆಂದು ನುಗ್ಗಿದವನು ಒಲವಿನ ಕನಸಿನಲ್ಲಿ ಕರಗಿಹೋಗುತ್ತಿದ್ದಾನೆ. 'ಆಸೆಯು ನಾಣುಮೆದುರಾಗಿ' ಅದನ್ನು ಸರಿಯಾಗಿ ಹಿಡಿದಿದೆ.

ಎಡವಿದ್ದು ಮೂರನೇ ಪಾದದಲ್ಲಿ. ಪೆಟ್ಟಿಗೆ ಬಿಟ್ಟೋಡಿದ ಎಂದು ಅಲ್ಲೇ ಹೇಳಿಬಿಟ್ಟರೆ ನಾಲ್ಕನೆಯದಕ್ಕೆ ಏನು ಉಳಿಯಿತು? ಸಮಸ್ಯೆಯ ಗಂಟು ಒಂದು ಪಾದ ಮೊದಲೇ ಬಿಚ್ಚಿಹೋಯಿತು. ಇನ್ನೊಂದು, ಪೆಟ್ಟಿಗೆ ಇಟ್ಟವನು ಫೌಸ್ಟ್ ಅಲ್ಲ. 'ಇಡಲೋ ಬೇಡವೋ' ಎಂದು ಅವನು ತೊಳಲುವಾಗ ಮೆಫಿಸ್ಟೊನೇ ಅದನ್ನು ಬೀರುವಿನಲ್ಲಿಟ್ಟು ಬೀಗ ಒತ್ತುತ್ತಾನೆ. ಮೂರನೆಯದನ್ನು ಹೀಗೆ ಮಾಡಬಹುದು:

ಬೆದರಿ ಪೊರಮಡುವೊಡಂ ಕೆಳೆಯನಾ ಕೈಯಿಂದೆ

ಪೂರಣ 2

ಇಟ್ಟವನು ಮೆಫಿಸ್ಟೊ ಎಂದಮೇಲೆ ಕಳ್ಳನೂ ಅವನೇ ಆಗಲಿ.

ಹದನನರಿಯದೆ ವಿಬುಧನೆರ್ದೆ ತೂಗಿದೊಡೇನು
ಬದಿಯಲಿಹ ಪಿಶುನನೆಂತಳುಕುವಂ ಪೇಳಿಂ
ಒದವಿರ್ದ ಪಂತದೊಳಗಾತ್ಮಮಂ ಸದ್ದಿಲದೆ
ಕದಿಯಲೈತಂದವಂ ಪೊನ್ನಿಟ್ಟು ಪೋದಂ

ಪ್ರತಿಕ್ರಿಯೆ

ಈವರೆಗೆ ಇದೇ ಗಟ್ಟಿ ಪರಿಹಾರ. ಕದಿಯುವ ವಸ್ತು ಬೇರೆ, ಇಡುವ ವಸ್ತು ಬೇರೆ ಆದದ್ದರಿಂದ ವಿರೋಧ ತಾನಾಗಿ ಕರಗಿತು. 'ಆತ್ಮಮಂ' ಪಾದ ದಾಟಿ 'ಕದಿಯಲ್'ಗೆ ಹೋಗಿ ಸೇರುವುದೂ ಚೆನ್ನ. ಫೌಸ್ಟನ ಆತ್ಮವನ್ನೇ ಒಡ್ಡಿದ ಪಂತ ಮೊದಲೇ ಅವನ ಓದುಕೋಣೆಯಲ್ಲಿ ನಡೆದಿರುವುದರಿಂದ 'ಒದವಿರ್ದ' ಬರಿಯ ಪ್ರಾಸಕ್ಕೆ ತುರುಕಿದ ಪದವಲ್ಲ. ಆದರೆ ಎದೆಯ ತೊಳಲಾಟ ಒಂದೇ ಪಾದಕ್ಕೆ ಕುಗ್ಗಿತು. ವಸ್ತುವೇ ಅದಲ್ಲವೆ?

ಬೀರುವನ್ನೂ ತರಬೇಕೆಂದು 'ಕಪಾಟಿನ' ಎಂಬ ಗಣ ಬಳಸಲು ಹೋಗುವವರಿಗೆ ಒಂದು ಮಾತು. ಲಘು, ಗುರು, ಲಘು, ಲಘು: ಲೆಕ್ಕಕ್ಕೆ 5 ಮಾತ್ರೆಯೇ. ಆದರೂ ಓದಿ ನೋಡಿ, ಕುಂಟುತ್ತದೆ. ಗಣ ಲಘು-ಗುರುವಿನಿಂದ ಶುರುವಾದರೆ ಮೂರನೇ ಮಾತ್ರೆಯ ಮೇಲೆ ಬೀಳಬೇಕಾದ ನಡೆ ಗುರುವಿನ ನಡುವೆ ಸಿಕ್ಕಿಕೊಳ್ಳುತ್ತದೆ. ಬೆರಳು ಮಡಚಿ ಎಣಿಸಿದರೆ ಇದು ಗೊತ್ತಾಗದು, ಬಾಯಿಬಿಟ್ಟು ಹಾಡಬೇಕು.

ಪೂರಣ 3

ಬಂದೊಡನೆ ಸೆಕೆಯೆಂದು ಕಿಟಕಿಯಂ ತೆರೆದಾಗ
ಪದಮೊಂದು ತಾನಾಗಿ ಮೂಡೆ ನಾಲಗೆಯೊಳ್
ಇದನೊರ್ವರೊತ್ತೆಯಿಟ್ಟಿಹರೆಂದು ನಂಬಿದಳ್
ಕದಿಯಲೈತಂದವಂ ಪೊನ್ನಿಟ್ಟು ಪೋದಂ

ಪ್ರತಿಕ್ರಿಯೆ

ಮಾತ್ರೆ ಸರಿ, ಪ್ರಾಸ ತಪ್ಪಿತು. 'ಬಂ' ಗುರು, ಮುಂದಿರುವುದು ಬಿಂದುವಿನ ಮೇಲಿನ ದಕಾರ. ಉಳಿದ ಮೂರು ಪಾದಗಳ ಲಘು-ದಕಾರಕ್ಕೆ ಅದು ಹೊಂದದು. ಮೊದಲ ಎರಡು ಗಣ ಬದಲಿಸಿದರೆ ಸಾಕು:

ಅದುಮಿರ್ದ ಸೆಕೆಗೆಂದು ಕಿಟಕಿಯಂ ತೆರೆದಾಗ

ಹೊರಗೆ ಅಷ್ಟೇನೂ ಸೆಕೆಯಿಲ್ಲ, ಒಳಗೆ ಮಾತ್ರ ಉಸಿರು ಕಟ್ಟುತ್ತಿದೆ ಎಂದು ಮನೆಗೆ ಬಂದ ಗ್ರೆಟ್ಶೆನ್ ಮೂಲದಲ್ಲಿ ಹೇಳುತ್ತಾಳೆ. 'ಅದುಮಿರ್ದ' ಎಂದಾಗ ಆ ಕಳವಳವೂ ಬಂತು. ತೂಲೆಯ ರಾಜನ ಹಾಡು 'ತಾನಾಗಿ' ಮೂಡಿತು ಎಂದದ್ದು ಬಲು ಸೂಕ್ಷ್ಮ: ಬಟ್ಟೆ ಬಿಚ್ಚುತ್ತ ಅನ್ಯಮನಸ್ಕಳಾಗಿ ಗುನುಗುತ್ತಾಳೆ, ಸಾಯುವತನಕ ಒಲಿದವಳಿಗೆ ನಿಷ್ಠನಾಗಿದ್ದ ದೊರೆಯ ಕಥೆಯನ್ನು. ಅವಳಿಗೂ ಏನೋ ಹತ್ತಿಕೊಂಡಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

'ಇದನ್' ಎಂದರೆ ಯಾವುದನ್ನು ಎಂಬ ಆಕ್ಷೇಪ ಬರಬಹುದು. ಸಮಸ್ಯಾಪೂರಣದಲ್ಲಿ ಕೊನೆಯ ಪಾದ ಎಲ್ಲರಿಗೂ ಮೊದಲೇ ಗೊತ್ತಿರುವುದರಿಂದ 'ಪೊನ್' ಬರುವತನಕ ಕಾಯುವುದು ತಪ್ಪಲ್ಲ. ಯಾರೋ ಒತ್ತೆಯಿಟ್ಟು ಅಮ್ಮನ ಹತ್ತಿರ ಸಾಲ ಪಡೆದಿರಬೇಕು ಎಂದು ಅವಳು ಊಹಿಸುವುದಂತೂ ಮೂಲದ ಮಾತೇ.

ಇಷ್ಟಾದರೂ ಒಡವೆ ತೊಟ್ಟು ಕನ್ನಡಿಯ ಮುಂದೆ ನಿಲ್ಲುವ ಗಳಿಗೆ ಯಾರ ಪದ್ಯದಲ್ಲೂ ಬಂದಿಲ್ಲ. ಲೋಕವೆಲ್ಲ ಹೊನ್ನಿನತ್ತಲೇ ನುಗ್ಗುತ್ತದೆ, ಹೊನ್ನಿಗೇ ಜೋತುಬೀಳುತ್ತದೆ, ಅಯ್ಯೋ ನಾವು ಬಡವರು ಎಂದು ಅವಳು ಅಲ್ಲೇ ನಿಟ್ಟುಸಿರಿಡುವುದು. ಪ್ರಾಸಕ್ಕೆ 'ಮುದ', 'ಮದ', 'ತುದಿ', 'ಹೃದಯ' ಇನ್ನೂ ಮುಟ್ಟದೆ ಬಿದ್ದಿವೆ.