ಸಹಾಯ ಬೇಕು: ಈ 'ಗಾಟ್' ಒಂದು ತಲೆಗೆ ಹೋಗ್ತಾ ಇಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಗಳೂರು. ಮಗಳು ಎಂಟನೇ ಕ್ಲಾಸು, ಕನ್ನಡ ಮೀಡಿಯಂ. ಅವಳಿಗೆ ಇಂಗ್ಲಿಷ್ ಹೇಳಿಕೊಡ್ಲಿಕ್ಕೆ ಕೂತರೆ 'ಗೆಟ್'ನ ಭೂತಕಾಲ 'ಗಾಟ್'ನಲ್ಲೇ ಗಾಡಿ ನಿಲ್ತದೆ.

'ಸಿಕ್ಕಿತು' ಅಂತ ಹೇಳಿಕೊಟ್ಟದ್ದು. ಬಹುಮಾನ ಸಿಕ್ಕಿತು, ರಜೆ ಸಿಕ್ಕಿತು, ಅಷ್ಟಕ್ಕೆ ಸರಿ ಹೋಯ್ತು. ಆದ್ರೆ ಅವಳು 'ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಲ್ಲಿ ಮಾವ ಸಿಕ್ಕಿದ್ರು' ಅನ್ನುವುದಕ್ಕೂ 'ಐ ಗಾಟ್ ಅಂಕಲ್' ಅಂತ ಬರೆದಿದ್ದಾಳೆ! ಅದಕ್ಕೆ 'ಮೆಟ್', ಕಳೆದ ಕೊಡೆ ಹುಡುಕಿ ಸಿಕ್ಕಿದ್ರೆ 'ಫೌಂಡ್' ಅಂತ ತಿದ್ದಿದೆ. 'ಗಾಟ್ ಆ್ಯಂಗ್ರಿ' ಅಂದ್ರೆ ಸಿಟ್ಟು ಬಂತು, 'ಗಾಟ್ ಹೋಮ್' ಅಂದ್ರೆ ಮನೆ ಮುಟ್ಟಿದೆ, 'ಗಾಟ್ ವೆಟ್' ಅಂದ್ರೆ ಒದ್ದೆಯಾದೆ. ಇದೆಲ್ಲ ಬಾಯಿಪಾಠ ಮಾಡಿಸಿಯಾದ್ರೂ ಆಯ್ತು. (ನಮ್ಮ ಮಳೆಗಾಲಕ್ಕೆ ಕೊನೆಯದ್ದು ದಿನಾ ಬೇಕು.)

ನಾನೇ ಸಿಕ್ಕಿಬಿದ್ದದ್ದು ಮುಂದೆ. 'ಐ ಹ್ಯಾವ್ ಗಾಟ್ ಅ ಸೈಕಲ್' ಅಂದ್ರೆ ಸೈಕಲ್ ಈಗ ಉಂಟು ಅಂತ. ರೂಪ ಭೂತಕಾಲದ್ದು, ಅರ್ಥ ಈಗಿನದ್ದು! ಡಿಕ್ಷನರಿಯಲ್ಲಿ 'ಗಾಟ್' ಹುಡುಕಿದ್ರೆ 'ಗೆಟ್ ನೋಡಿ' ಅಂತ ಉಂಟು, ಅಲ್ಲಿಗೆ ಹೋದ್ರೆ ಪುಟಗಟ್ಟಲೆ ಅರ್ಥ. ಟ್ಯೂಷನ್ನಿನವರು 'ಅದು ರೂಢಿ, ಹಾಗೇ ಕಲೀಲಿ' ಅಂದ್ರು. ಯೂಟ್ಯೂಬಿನಲ್ಲಿ ಅಮೆರಿಕದವರು 'ಗಾಟನ್' ('ಗೆಟ್'ನದ್ದೇ ಇನ್ನೊಂದು ರೂಪ) ಬೇರೆ ಹೇಳ್ತಾರೆ.

ಕೇಳ್ಬೇಕಾದ್ದು ಇಷ್ಟೇ ಮಾರಾಯ್ರೆ: 'ಐ ಗಾಟ್ ಟು ಗೋ ಟು ಕುದ್ರೋಳಿ' ಅಂದ್ರೆ ಹೋಗ್ಲಿಕ್ಕೆ ಅವಕಾಶ ಸಿಕ್ಕಿತು ಅಂತಲಾ, ಹೋಗಲೇಬೇಕು ಅಂತಲಾ? 'ಹೋಗಲೇಬೇಕು' ಅನ್ನುವಲ್ಲಿ 'ಹ್ಯಾವ್' ಹಾಕದಿದ್ರೆ ಪರೀಕ್ಷೆಯಲ್ಲಿ ಮಾರ್ಕ್ ಹೋಗ್ತದಾ? ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವರು ಯಾರಾದ್ರೂ ಇದ್ರೆ ಒಂದೊಂದು ಉದಾಹರಣೆ ಕೊಟ್ಟು ಹೇಳಿ.