ಐರ್ಲೆಂಡಿನಲ್ಲಿ ಅಸೈಲಂ (ನಿರಾಶ್ರಿತ ಅಂತ ಆಶ್ರಯ ಕೇಳೋ ಅರ್ಜಿ) ಹಾಕಿಸಿ ಅಂತಾನೆ ಏಜೆಂಟ್: ಗೊತ್ತಿದ್ದವರು ಹೇಳಿ

ಸಾಗರದ ತೋಟದವ: ಅಕ್ಕನ ಮಗನ ಓದು ಡಬ್ಲಿನ್‌ನಲ್ಲಿ ಮುಗೀತು, ಸ್ಟೂಡೆಂಟ್ ಸ್ಟ್ಯಾಂಪ್ (ಓದೋಕೆ ಅಲ್ಲಿರಲು ಕೊಟ್ಟ ಅನುಮತಿ) ಇನ್ನೆರಡು ತಿಂಗಳು ಇದೆ. ಶಿವಮೊಗ್ಗದ ಏಜೆಂಟ್ ‘ಅಸೈಲಂ ಹಾಕಿಸಿ, ಆರು ತಿಂಗಳಾದ ಮೇಲೆ ಕೆಲಸದ ಪರವಾನಗಿ ಗ್ಯಾರಂಟಿ’ ಅಂತ ನಾಲ್ಕೂವರೆ ಲಕ್ಷ ಕೇಳ್ತಿದ್ದಾನೆ. ಹಾಕಿಸಿದವರು, ಬಿಟ್ಟವರು ಅನುಭವ ಹೇಳಿ.

ಕೊಪ್ಪದ ಕಾಳುಮೆಣಸು: ರಾಶಿ ಅಡಿಕೆ ಕ್ವಿಂಟಲ್‌ಗೆ ಐವತ್ತು ಸಾವಿರ ಹಿಡಿದರೂ ಒಂಬತ್ತು ಕ್ವಿಂಟಲ್ ಮಾರಾಯ್ರೆ! ನಮ್ಮ ಕೇಸಿನ ಲೆಕ್ಕ ಕೇಳಿ: ‘ಫೈಲಿಗೆ’ ಒಂದು ಲಕ್ಷ, ‘ಕಥೆ’ ಬರೆಯೋಕೆ ಎರಡು, ದುಭಾಷಿಗೆ ಐವತ್ತು ಸಾವಿರ. ಅಲ್ಲಿ ಅರ್ಜಿಗೆ ಶುಲ್ಕವೇ ಇಲ್ಲ. ದುಭಾಷಿಯನ್ನು ಕಚೇರಿಯವರೇ ಪುಕ್ಕಟೆ ಕೊಡ್ತಾರೆ. ವಾರಕ್ಕೆ ಕೈಗೆ ಬರೋ ಭತ್ಯೆ 38.80 ಯೂರೋ, ವಸತಿ ಸಿಗದಿದ್ದರೆ 113.80. ಒಂಟಿ ಗಂಡಸರಿಗೆ ವಸತಿ ಇಲ್ಲದೆ ಡಬ್ಲಿನ್‌ನ ಮೌಂಟ್ ಸ್ಟ್ರೀಟ್‌ನಲ್ಲಿರೋ ಅಸೈಲಂ ಕಚೇರಿ ಸುತ್ತ ಟೆಂಟ್ ಸಾಲು ಬಿದ್ದಿತ್ತು, 2024ರ ಮೇ 1ಕ್ಕೆ ಎತ್ತಿಸಿದರು. ಆ ಚಳಿಮಳೆಗೆ ಆಗುಂಬೆ ಮಳೆಗಾಲವೇ ವಾಸಿ.

ಹೊಸನಗರ ಮಾಣಿ: ಹೆದರಿಸೋದು ಸುಲಭ. ಆರು ತಿಂಗಳಲ್ಲಿ ಮೊದಲ ತೀರ್ಪು ಬರದಿದ್ದರೆ ಪರವಾನಗಿ ಕೊಡ್ತಾರೆ, ಐದು ತಿಂಗಳಾದ ಕೂಡಲೇ ಅರ್ಜಿ ಹಾಕಬಹುದು, ಅದೂ ಪುಕ್ಕಟೆ. ನಮ್ಮ ಕೇಸಲ್ಲಿ ಬಂತು, ದುಡಿದಿದ್ದೂ ಆಯ್ತು. ಹೊಟ್ಟೆಕಿಚ್ಚಿನವರ ಮಾತು ಕೇಳಬೇಡಿ.

ವಕೀಲರ ಮನೆ, ತೀರ್ಥಹಳ್ಳಿ: ಮಾಣಿ, ಯಾವ ವರ್ಷದ ಕೇಸು ಅಂತ ಹೇಳಲೇ ಇಲ್ಲ. 2024ರ ಜುಲೈನಲ್ಲಿ ಭಾರತವನ್ನು ‘ಸುರಕ್ಷಿತ ದೇಶ’ಗಳ ಪಟ್ಟಿಗೆ ಸೇರಿಸಿದ್ದಾರೆ. ಅಂಥ ಅರ್ಜಿ ಬೇಗದ ಸಾಲಿಗೆ ಹೋಗುತ್ತೆ, ಆರು ತಿಂಗಳೊಳಗೇ ‘ಇಲ್ಲ’ ಅಂತ ಬಂದರೆ ಪರವಾನಗಿಯ ಮಾತೇ ಇಲ್ಲ. ಏಜೆಂಟ್ ಮಾರ್ತಿರೋದು ಹಳೇ ಸರಕು. ಅಲ್ಲಿನ 2015ರ ಕಾಯ್ದೆಯಡಿ ಮೇಲ್ಮನವಿಗೆ ಮಾಮೂಲಿ ಕೇಸಿಗೆ 15 ಕೆಲಸದ ದಿನ, ಬೇಗದ ಸಾಲಿಗೆ 10. ತೀರ್ಪಿನ ಅಂಚೆ ಬೇರೆ ವಿಳಾಸಕ್ಕೆ ಹೋಗಿ ಅವಧಿ ತಪ್ಪುತ್ತೆ, ವಿಳಾಸ ಬದಲಾದರೆ ಬರಹದಲ್ಲಿ ತಿಳಿಸಬೇಕು. 2026ರ ಜೂನ್ 12ರಿಂದ ಅಸೈಲಂ ಬಗ್ಗೆ ಯುರೋಪಿನ ಹೊಸ ಒಪ್ಪಂದ ಅನ್ವಯ, ಹಾಗಾಗಿ ದಿನಗಳನ್ನು ಅಲ್ಲಿನ ಸರ್ಕಾರಿ ಕಾನೂನು ನೆರವಿನ ಮಂಡಳಿಯಲ್ಲೇ ಖಚಿತಪಡಿಸಿಕೊಳ್ಳಿ.

ಇನ್ನೊಂದು. 1951ರ ನಿರಾಶ್ರಿತರ ಅಂತರರಾಷ್ಟ್ರೀಯ ಒಪ್ಪಂದದ ಕಾರಣಗಳು ಐದೇ: ಜನಾಂಗ, ಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ. ಸೊಸೈಟಿ ಸಾಲ, ಕೊಳೆರೋಗ ಅದರಲ್ಲಿ ಬರಲ್ಲ. ನಿಜವಾಗಿ ಜೀವಭಯ ಇದ್ದವರಿಗೆ ದಾರಿ ಮುಚ್ಚಿಲ್ಲ. ಅವರು ತಮ್ಮ ಪ್ರಕರಣಕ್ಕೆ ದೇಶ ಯಾಕೆ ಸುರಕ್ಷಿತವಲ್ಲ ಅಂತ ದಾಖಲೆ ಸಮೇತ ತೋರಿಸಬೇಕು. ಬಾಡಿಗೆ ಕಥೆ ಎರಡನೇ ಸಂದರ್ಶನದಲ್ಲಿ ಮುರಿಯುತ್ತೆ. ಮೊದಲ ದಿನ ಹೇಳಿದ್ದು, ಪ್ರಶ್ನಾವಳಿಯಲ್ಲಿ ಬರೆದದ್ದು, ಆಮೇಲೆ ಹೇಳಿದ್ದು ಮೂರನ್ನೂ ಪಕ್ಕಪಕ್ಕ ಇಟ್ಟು ನೋಡ್ತಾರೆ.

ಕೊಪ್ಪದ ಕಾಳುಮೆಣಸು: ಪಾಸ್‌ಪೋರ್ಟ್ ವಿಷಯ ಬಿಟ್ರಲ್ಲ. ಅದನ್ನು ಕಚೇರಿಗೆ ಒಪ್ಪಿಸಿ ಬೆರಳಚ್ಚು ಕೊಡಬೇಕು. ಅಲ್ಲಿನ ಮಂತ್ರಿಯ ಒಪ್ಪಿಗೆ ಇಲ್ಲದೆ ದೇಶ ಬಿಡೋ ಹಾಗಿಲ್ಲ. ಊರಲ್ಲಿ ಅಪ್ಪ ಆಸ್ಪತ್ರೆಯಲ್ಲಿದ್ದರೂ ಎದ್ದು ಬರೋಕಾಗಲ್ಲ. ಕಾದ ವರ್ಷಗಳು ಪೌರತ್ವದ ಲೆಕ್ಕಕ್ಕೂ ಬರಲ್ಲ.

ಹೊಸನಗರ ಮಾಣಿ: ಸ್ಟೂಡೆಂಟ್ ವರ್ಷ ಮಾತ್ರ ಬರುತ್ತಾ? ಅದೂ ಬರಲ್ಲ! ಅರ್ಧ ಹೇಳಬೇಡಿ.

ಶಿಕಾರಿಪುರ 577: ಏಜೆಂಟ್ 30,000ಕ್ಕಿಂತ ಹೆಚ್ಚು ತಗೊಂಡರೆ ಅಪರಾಧ. ಜಿಎಸ್‌ಟಿ ಸೇರಿ 35,400. ಎಮಿಗ್ರೇಶನ್ ಕಚೇರಿಗೆ ಕಂಪ್ಲೇಂಟ್ ಕೊಡಿ, ಅಷ್ಟೇ.

ವಕೀಲರ ಮನೆ, ತೀರ್ಥಹಳ್ಳಿ: ಆ ಮಿತಿ ನಮ್ಮ 1983ರ ಎಮಿಗ್ರೇಶನ್ (ವಲಸೆ) ಕಾಯ್ದೆಯಡಿ ನೋಂದಾಯಿತ ನೇಮಕಾತಿ ಏಜೆಂಟರಿಗೆ. ಇವನು ಸ್ಟೂಡೆಂಟ್ ಕನ್ಸಲ್ಟೆನ್ಸಿ. ಪೊಲೀಸ್ ಠಾಣೆಯಲ್ಲಿ ವಂಚನೆ ದೂರು ಕೊಡಬೇಕು.

ಶಿಕಾರಿಪುರ 577: ವಿದೇಶದ ಕೆಲಸದ ಆಸೆ ತೋರಿಸಿ ದುಡ್ಡು ಎತ್ತಿದ್ರೆ ಅದು ನೇಮಕಾತಿ ಅಲ್ಲದೆ ಮತ್ತೆಂಥದು? ನಿಮ್ಮಂಥವರಿಂದಲೇ ಅವರು ನುಣುಚಿಕೊಳ್ಳೋದು.

ಮುಂಡಗೋಡು ಬಸ್: ಟಿಬೆಟ್‌ನವರಿಗೆ ಬೈಲಕುಪ್ಪೆಯಲ್ಲಿ ಜಾಗ ಕೊಟ್ಟೆವಲ್ಲ, ನಮಗೆ ಯಾಕೆ ಇಷ್ಟು ತಕರಾರು?

ವಕೀಲರ ಮನೆ, ತೀರ್ಥಹಳ್ಳಿ: ಭಾರತ 1951ರ ಒಪ್ಪಂದಕ್ಕೆ ಸಹಿಯನ್ನೇ ಹಾಕಿಲ್ಲ. ಟಿಬೆಟ್‌ನವರಿಗೆ ಜಾಗ ಕೊಟ್ಟಿದ್ದು ಸರ್ಕಾರದ ನಿರ್ಧಾರ, ಬೇರೆ ದಾರಿ. ಇಲ್ಲಿಗೆ ತರಬೇಡಿ.

ಭದ್ರಾವತಿ ನರ್ಸ್: ಎಲ್ಲರೂ ಕಾದಾಡಿದ್ರಿ, ಹುಡುಗನ ಕೋರ್ಸ್ ಯಾವ ಹಂತದ್ದು ಅಂತ ಯಾರೂ ಕೇಳಲಿಲ್ಲ. ಲೆವೆಲ್ ಒಂಬತ್ತು, ಅಂದ್ರೆ ಮಾಸ್ಟರ್ಸ್ ಆಗಿದ್ರೆ ಸ್ಟ್ಯಾಂಪ್ ಒನ್ ಜಿ, ಅಂದ್ರೆ ಓದು ಮುಗಿದವರು ಅಲ್ಲೇ ಉಳಿಯೋ ಅನುಮತಿ ಇದೆ. ಒಟ್ಟು 24 ತಿಂಗಳು, ಪೂರ್ತಿ ಕೆಲಸ ಮಾಡಬಹುದು. ಲೆವೆಲ್ ಎಂಟಕ್ಕೆ, ಅಂದ್ರೆ ಆನರ್ಸ್ ಪದವಿಗೆ, 12. ಫಲಿತಾಂಶ ಬಂದ ಆರು ತಿಂಗಳೊಳಗೆ, ಈಗಿನ ಸ್ಟ್ಯಾಂಪ್ ಇನ್ನೂ ಜೀವಂತ ಇರುವಾಗಲೇ ಹಾಕಬೇಕು. ಕಾರ್ಡಿಗೆ 300 ಯೂರೋ. ಆಮೇಲೆ ಕಂಪನಿ ಸಿಕ್ಕರೆ ಎಂಪ್ಲಾಯ್‌ಮೆಂಟ್ ಪರ್ಮಿಟ್‌ಗೆ 1,000 ಯೂರೋ, ತಿರಸ್ಕೃತವಾದರೆ ಅದರಲ್ಲಿ ಶೇ. 90 ವಾಪಸ್.

ಸಾಗರದ ತೋಟದವ: ಮಾಸ್ಟರ್ಸೇ ಅಕ್ಕಾ, ಫಲಿತಾಂಶ ಬಂದು ಮೂರು ವಾರ. ಆದ್ರೆ ಏಜೆಂಟಿಗೆ ಆಗಲೇ ಐವತ್ತು ಸಾವಿರ ಅಡ್ವಾನ್ಸ್ ಹೋಗಿದೆ.

ವಕೀಲರ ಮನೆ, ತೀರ್ಥಹಳ್ಳಿ: ರಸೀದಿ?

ಸಾಗರದ ತೋಟದವ: ಕೊಟ್ಟಿಲ್ಲ. ಫೋನ್‌ಪೇ ಸ್ಕ್ರೀನ್‌ಶಾಟ್ ಇದೆ, ಅದೂ ಅವನ ಹೆಂಡತಿ ನಂಬರಿಗೆ.