1 ಕೋಟಿ ಮಿತಿ ಯಾರನ್ನು ಉಳಿಸಿತು?

ಗೋಕುಲರೋಡ್_ಲೇತ್: 2020ರ ಮಾರ್ಚ್ 24ಕ್ಕೆ ದಿವಾಳಿ ಕಾಯ್ದೆಯಡಿ ಕಂಪನಿ ಮೇಲೆ ಕೇಸು ಹಾಕಲು ಬೇಕಾದ ಕನಿಷ್ಠ ಬಾಕಿಯ ಮಿತಿಯನ್ನು 1 ಲಕ್ಷದಿಂದ 1 ಕೋಟಿಗೆ ಏರಿಸಿದರು. ಆ ಬೇಸಿಗೆಯಿಂದ ಒಂದು ಕಂಪನಿ ನನಗೆ 22 ಲಕ್ಷ ಕೊಡಬೇಕು. ಮಾಲು ಮುಟ್ಟಿದ ಚಲನ್ ಮೇಲೆ ಅವರದೇ ಸೀಲಿದೆ. ಎರಡು ಮಷಿನ್ ಮಾರಿ ಹುಡುಗರಿಗೆ ಪಗಾರ ಕೊಟ್ಟೆ. ಎನ್‌ಸಿಎಲ್‌ಟಿ (ಕಂಪನಿ ದಿವಾಳಿ ಕೇಸು ನೋಡುವ ನ್ಯಾಯಮಂಡಳಿ) ಬಾಗಿಲು ನನ್ನಂಥವರಿಗೆ ಮುಚ್ಚಿಯೇ ಹೋಯಿತು. ಹಾಗಾದ್ರೆ ಉಳಿದವರು ಯಾರು?

ತಾರಿಹಾಳ_ಯುನಿಟ್: ನಾವು ಉಳಿದೆವು ಸರ್. ಶಟರ್ ಕೆಳಗಿತ್ತು, ಬ್ಯಾಂಕ್ ಬಡ್ಡಿ ಓಡುತ್ತಿತ್ತು. 1 ಲಕ್ಷದ ಬಿಲ್ ಹಿಡಿದು ಯಾರಾದರೂ ಹೋಗಿದ್ದರೆ ಫ್ಯಾಕ್ಟರಿ ನಮ್ಮ ಕೈ ತಪ್ಪುತ್ತಿತ್ತು. ಅದೇ ಕಾಯ್ದೆಗೆ 10ಎ ಕಲಂ ತಂದು ಕೇಸುಗಳನ್ನು ಒಂದು ವರ್ಷ ಮುಂದೂಡಿದ್ದು ಸರಿಯೇ.

ಧಾರವಾಡ_ವಕೀಲ: ‘ಮುಂದೂಡಿದ್ದು’ ಅನ್ನಬೇಡಿ. 2020ರ ಮಾರ್ಚ್ 25ರಿಂದ 2021ರ ಮಾರ್ಚ್ 24ರೊಳಗೆ ತಪ್ಪಿದ ಬಾಕಿಗೆ ಎನ್‌ಸಿಎಲ್‌ಟಿಯಲ್ಲಿ ಎಂದೂ ಅರ್ಜಿ ಹಾಕುವಂತಿಲ್ಲ.

ತಾರಿಹಾಳ_ಯುನಿಟ್: ಎಂದೂ? ಸುಮ್ನೆ ಹೆದರಿಸಬೇಡಿ. ಮೊದಲು 6 ತಿಂಗಳು ಅಂದರು, ಆಮೇಲೆ ಬೆಳೆಸಿದರು, 2021ರಲ್ಲಿ ತೆರೆದರು.

ಧಾರವಾಡ_ವಕೀಲ: ತೆರೆದದ್ದು ಆಮೇಲಿನ ಬಾಕಿಗೆ. ‘ಎಂದೂ’ ಎಂಬುದು ಕಲಂನಲ್ಲೇ ಇದೆ. ಓದಿ ಬನ್ನಿ.

ತಾರಿಹಾಳ_ಯುನಿಟ್: ಓದಿ ಬನ್ನಿ ಅಂತ ನನಗೆ ಹೇಳಬೇಡಿ! ಇಪ್ಪತ್ತು ವರ್ಷದಿಂದ ಕಾರ್ಖಾನೆ ನಡೆಸುತ್ತಿದ್ದೇನೆ. ಅದೇ 2021ರ ಏಪ್ರಿಲ್‌ನಲ್ಲಿ ಸಣ್ಣ ಉದ್ದಿಮೆಗೆ ಪ್ರೀ-ಪ್ಯಾಕ್ (ಸಾಲ ಕೊಟ್ಟವರ ಜೊತೆ ಮೊದಲೇ ಮಾತಾಡಿಕೊಂಡು ಹೋಗುವ ದಿವಾಳಿ ದಾರಿ) ತಂದರಲ್ಲ, 10 ಲಕ್ಷದ ಬಾಕಿಗೇ ಸಿಗುತ್ತದೆ, ಕಂಪನಿ ಮಾಲೀಕನ ಕೈಯಲ್ಲೇ ಇರುತ್ತದೆ. ಅದನ್ನು ಯಾಕೆ ಹೇಳಲ್ಲ?

ಗೋಕುಲರೋಡ್_ಲೇತ್: ಅದನ್ನು ಕೇಳಬೇಕಾದವರು ಸಾಲಗಾರರು. ನಾನು ಕೊಟ್ಟವನು! 22 ಲಕ್ಷ ಹೋಯ್ತಾ ಹೇಳಿ.

ಗದಗ_ಪ್ರೆಸ್: ನೀವೆಲ್ಲ ಕಂಪನಿ ಲೆಕ್ಕ ಮಾತಾಡ್ತೀರಿ. ನನ್ನದು ಒಬ್ಬನ ಹೆಸರಿನ ಪ್ರೆಸ್. ನಾನು ದಿವಾಳಿಯಾದರೆ 1920ರ ಪ್ರಾಂತೀಯ ದಿವಾಳಿ ಕಾಯ್ದೆ, ಜಿಲ್ಲಾ ಕೋರ್ಟು. ಬ್ರಿಟಿಷರ ಕಾಲದ್ದು! ನಮ್ಮನ್ನು ಯಾರು ಕೇಳ್ತಾರೆ?

ಧಾರವಾಡ_ವಕೀಲ: ಲೇತ್ ಅವರೇ, ಸಾಲ ಸತ್ತಿಲ್ಲ. 10ಎ ಬಾಕಿಯನ್ನು ಅಳಿಸುವುದಿಲ್ಲ ಎಂದು ಸುಪ್ರೀಂ ಕೋರ್ಟೇ 2021ರಲ್ಲಿ ಹೇಳಿದೆ. ಮಾಲು ಕೊಡುವಾಗ ಸಣ್ಣ ಉದ್ದಿಮೆ ಎಂಬ ನೋಂದಣಿ ಇತ್ತಾ? ಇದ್ದರೆ 45 ದಿನ ದಾಟಿದ ಮೇಲೆ ರಿಸರ್ವ್ ಬ್ಯಾಂಕಿನ ‘ಬ್ಯಾಂಕ್ ದರ’ದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು. ದಾವೆ ಹಾಕುವ ಅವಧಿ ಮೀರುವ ಮೊದಲು ಬಾಕಿ ಒಪ್ಪಿ ಸಹಿ ಹಾಕಿದ ಕಾಗದ ಇದ್ದರೆ, ಆ ದಿನದಿಂದ ಮತ್ತೆ 3 ವರ್ಷ ಸಿಗುತ್ತದೆ.

ತಾರಿಹಾಳ_ಯುನಿಟ್: ನೋಡಿ, ‘ಸತ್ತಿಲ್ಲ’ ಅಂತ ನೀವೇ ಒಪ್ಪಿದಿರಿ.

ಧಾರವಾಡ_ವಕೀಲ: ‘ಎಂದೂ’ ಬೇರೆ, ಇದು ಬೇರೆ!

ಗೋಕುಲರೋಡ್_ಲೇತ್: ನೋಂದಣಿ ಇತ್ತು. ಪ್ರತಿ ದೀಪಾವಳಿ ಲೆಕ್ಕಕ್ಕೆ ಅವರು ಬಾಕಿ ಬರೆದು ಸಹಿ ಹಾಕಿದ್ದಾರೆ. ಒಂದು ವರ್ಷವೂ ತಪ್ಪಿಲ್ಲ. ನಾಳೆ ಕಾಗದ ಎಲ್ಲಾ ತರ್ತೀನಿ, ಎಷ್ಟು ಗಂಟೆಗೆ ಬರಲಿ?